ಮನೆಗಳು ಚೆನ್ನ, ರದ್ದತಿ ನಿಯಮ ಓದದೆ ಹಣ ಕಟ್ಟಬೇಡಿ

ಮಳೆಗಾಲದಲ್ಲಿ ಕೊಡಗಿನಲ್ಲಿ ಮನೆ ಹಿಡಿದು ಅಲ್ಲಿಂದಲೇ ಕಚೇರಿ ಕೆಲಸ ಮಾಡುವುದು ಕೆಲವು ವರ್ಷಗಳಿಂದ ನನ್ನ ರೂಢಿ. ಬುಕಿಂಗ್ ಎಲ್ಲ ಒಂದೇ ಆ್ಯಪ್‌ನಲ್ಲಿ. ಮನೆ ಫೋಟೊದಲ್ಲಿ ಕಂಡಂತೆಯೇ ಇರುತ್ತದೆ. ಬೆಳಿಗ್ಗೆ ಹಂಡೆಯ ಒಲೆಗೆ ಸೌದೆ ಒಡ್ಡಿ, ನೀರು ಕಾಯುವಷ್ಟರಲ್ಲಿ ಡಿಕಾಕ್ಷನ್ ಇಳಿಸಿ, ಜಗಲಿಯಲ್ಲಿ ಕುಳಿತು ತೋಟದ ಮೇಲೆ ಸುರಿಯುವ ಮಳೆ ನೋಡುತ್ತಾ ಕಾಫಿ ಕುಡಿಯುವ ಆ ಅರ್ಧ ಗಂಟೆಗಾಗಿಯೇ ವರ್ಷವಿಡೀ ದುಡ್ಡು ಕೂಡಿಡುತ್ತೇನೆ.

ಆದರೆ ರದ್ದತಿ ನಿಯಮ ನನ್ನನ್ನು ಕೆರಳಿಸಿದೆ. ಈ ಆ್ಯಪ್‌ನಲ್ಲಿ ಗಡಿ 28 ರಾತ್ರಿ. ಅದಕ್ಕಿಂತ ಕಡಿಮೆಯಾದರೆ, ಸಡಿಲ ನಿಯಮದ ಮನೆಯನ್ನು ನಡುವೆ ಬಿಟ್ಟು ಹೊರಟಾಗ ಉಳಿದುಕೊಂಡ ರಾತ್ರಿಗಳ ಜೊತೆ ಇನ್ನೊಂದು ರಾತ್ರಿಯ ಬಾಡಿಗೆ ಹೋಗುತ್ತದೆ, ಅಷ್ಟೇ. 28 ಮುಟ್ಟಿತೋ, ಅದೇ ಮನೆಗೆ ದೀರ್ಘಾವಧಿ ನಿಯಮ ಅನ್ವಯಿಸುತ್ತದೆ. ಪೂರ್ತಿ ಹಣ ವಾಪಸ್ ಬೇಕಿದ್ದರೆ ಮನೆಗೆ ಬರುವ ದಿನಕ್ಕೆ 30 ದಿನ ಮುಂಚೆಯೇ ರದ್ದು ಮಾಡಬೇಕು. ನಡುವೆ ಹೊರಟರೆ ಮುಂದಿನ 30 ರಾತ್ರಿಗಳ ಬಾಡಿಗೆಯೂ ನಮ್ಮದೇ. 60 ರಾತ್ರಿಗೆ ಹಿಡಿದ ಮನೆಯನ್ನು 20ಕ್ಕೆ ಬಿಟ್ಟರೆ ಮರಳುವುದು 10 ರಾತ್ರಿಗಳ ಹಣ. ಒಂದೇ ತಿಂಗಳಿಗೆ ಹಿಡಿದವರಿಗೆ ಏನೂ ಇಲ್ಲ. ತಿಂಗಳ ರಿಯಾಯಿತಿಯನ್ನು ದಪ್ಪ ಅಕ್ಷರದಲ್ಲಿ ತೋರಿಸುವವರು ಇದನ್ನು ಇನ್ನೊಂದು ಪುಟದಲ್ಲಿ ಇಡುವುದು ಅನ್ಯಾಯ. 2018ರ ಆಗಸ್ಟ್‌ನಲ್ಲಿ ಭೂಕುಸಿತದಿಂದ ಮಡಿಕೇರಿ–ಸಂಪಾಜೆ ರಸ್ತೆಯೇ ಮುಚ್ಚಿದ ಜಿಲ್ಲೆಯಿದು. ಮಳೆಗಾಲದಲ್ಲಿ ಇಲ್ಲಿಂದ ಅವಸರವಾಗಿ ಹೊರಡಬೇಕಾಗುವುದು ಅಪರೂಪವೇನಲ್ಲ.

ಕಳೆದ ಸಲ ಅಪ್ಪನನ್ನು ಆಸ್ಪತ್ರೆಗೆ ಸೇರಿಸಬೇಕಾಗಿ ಬಂದು ನಡುವೆಯೇ ಹೊರಟೆ. ಸಹಾಯವಾಣಿಯವರು ನಿಯಮವನ್ನೇ ಮತ್ತೆ ಓದಿ ಹೇಳಿದರು. ಮನೆಯೊಡತಿ ಮಾತ್ರ, "ಮೊದಲು ಅಪ್ಪನನ್ನು ನೋಡಿಕೊಳ್ಳಿ, ಲೆಕ್ಕ ಆಮೇಲೆ ಮಾಡೋಣ" ಎಂದರು. ಅಪ್ಪ ಮನೆಗೆ ಮರಳಿದ ಮೇಲೆ, ಉಳಿದ ದಿನಗಳ ಅರ್ಧ ಬಾಡಿಗೆಯನ್ನು ಆ್ಯಪ್ ಮೂಲಕವೇ ಕಳುಹಿಸಿದರು. ನಿಯಮಕ್ಕಿಂತ ಹೆಚ್ಚು ಮರಳಿಸಲು ಮಾಲೀಕರಿಗೆ ಅಲ್ಲಿ ಅವಕಾಶವಿದೆ ಎಂಬುದು ನನಗೆ ತಿಳಿದದ್ದೇ ಆಗ. ಜಡಿಮಳೆಯಲ್ಲಿ ಖಾಲಿಯಾದ ಮನೆಗೆ ದಿಢೀರನೆ ಬೇರೆ ಬಾಡಿಗೆದಾರರು ಸಿಗುವುದಿಲ್ಲ. ಅವರ ನಷ್ಟವೂ ನಿಜ. ಹಾಗಾಗಿ ನಿಯಮ ಇರಬಾರದು ಎಂದು ಹೇಳಲಾರೆ, ಹಣ ಕಟ್ಟುವ ಗುಂಡಿಯ ಪಕ್ಕದಲ್ಲೇ ಅದು ಕಾಣಬೇಕು.

ಮನೆಗೆ ಐದು ನಕ್ಷತ್ರ, ಆ್ಯಪ್‌ಗೆ ಮೂರು. ಈ ವರ್ಷವೂ ಅದೇ ಮನೆ, ಆದರೆ 27 ರಾತ್ರಿಗೆ. ರಿಯಾಯಿತಿ ತಪ್ಪಿದರೂ ಸರಿ, ಅಪ್ಪನಿಗೆ ವಯಸ್ಸಾಗಿದೆ.