ಸರ್ವರ್ ಗಟ್ಟಿ, ಗ್ರಬ್ ಮಾತ್ರ ಮಾತು ಕೇಳಲ್ಲ

ಕಲಬುರಗಿ ಗಂಜ್ ಮಾರುಕಟ್ಟೆಯ ಕೆಲವು ದಾಲ್ ಮಿಲ್‌ಗಳ ಸ್ಟಾಕು, ಬಿಲ್ಲಿನ ಸಾಫ್ಟ್‌ವೇರ್ ನೋಡಿಕೊಳ್ಳುವ ಕೆಲಸ ನಮ್ಮದು. ಎಲ್ಲವೂ ಓಡುವುದು ಈ ಕ್ಲೌಡ್ ಕಂಪನಿಯವರ ಮುಂಬೈ ಸರ್ವರ್ ಮೇಲೆ, ಉಬುಂಟು 22.04 ಇಮೇಜ್ (ಆಪರೇಟಿಂಗ್ ಸಿಸ್ಟಮ್‌ನ ಸಿದ್ಧ ಪ್ರತಿ). ಜನವರಿ ಸುಮಾರಿಗೆ ಹೊಸ ತೊಗರಿ ಬಂದಾಗ ಬೆಳಗಿಂದ ರಾತ್ರಿವರೆಗೂ ಎಂಟ್ರಿ ಬೀಳುತ್ತಲೇ ಇರುತ್ತವೆ, ಆಗಲೂ ಸರ್ವರ್ ಮಲಗಿದ್ದಿಲ್ಲ. ಬಿಲ್ಲು ರೂಪಾಯಿಯಲ್ಲೇ, ಯುಪಿಐ ನಡೆಯುತ್ತದೆ. ಇಷ್ಟರ ಬಗ್ಗೆ ತಕರಾರಿಲ್ಲ.

ತಕರಾರು ಬೂಟ್, ಅಂದ್ರೆ ಸರ್ವರ್ ಶುರುವಾಗೋ ಬಗ್ಗೆ. ಉಬುಂಟುವಿನ ತಿರುಳಾದ ಕರ್ನಲ್ ಅಪ್‌ಡೇಟ್ ಆದ ಮೇಲೆ ಏನಾದ್ರೂ ಕೆಟ್ಟರೆ ಹಳೇ ಕರ್ನಲ್ ಆರಿಸಿಕೊಳ್ಳಬೇಕಲ್ಲ, ಅದಕ್ಕೆ ವೆಬ್ ಕನ್ಸೋಲ್‌ನಲ್ಲಿ ಗ್ರಬ್ (ಶುರುವಿನಲ್ಲಿ ಕರ್ನಲ್ ಎತ್ತುವ ಪ್ರೋಗ್ರಾಂ) ಮೆನು 5 ಸೆಕೆಂಡು ನಿಂತರೆ ಸಾಕಿತ್ತು. /ಈಟಿಸಿ/ಡಿಫಾಲ್ಟ್/ಗ್ರಬ್ ಫೈಲಿನಲ್ಲಿ ಟೈಮ್‌ಔಟ್ (ಕಾಯುವ ಸಮಯ) 5, ಸ್ಟೈಲ್ ಮೆನು ಅಂತ ಹಾಕಿದೆ, ಅದನ್ನ ಜಾರಿ ಮಾಡೋ ಅಪ್‌ಡೇಟ್-ಗ್ರಬ್ ಕಮಾಂಡ್ ಓಡಿಸಿದೆ, ಒಂದು ಎರರ್ ಇಲ್ಲ, ರೀಬೂಟ್ ಮಾಡಿದರೆ ಮೆನು ಕಾಣಲೇ ಇಲ್ಲ, ಸೀದಾ ಲಾಗಿನ್!

ಅವರ ಸಪೋರ್ಟಿಗೆ ಟಿಕೆಟ್ ಹಾಕಿದೆ. "ಸರ್, ಅಪ್‌ಡೇಟ್-ಗ್ರಬ್ ಓಡಿಸಿದ್ದೀರಾ?" ಅಂತ ಉತ್ತರ. ಓಡಿಸಿದ್ದೇನ್ರೀ, ಔಟ್‌ಪುಟ್ಟೇ ಕಳಿಸಿದ್ದೇನಲ್ಲ. ಆಮೇಲೆ ಇಮೇಜ್ ಹೊಸದಾಗಿ ಹಾಕಿ ನೋಡಿ ಅಂದರು. ತೊಗರಿ ಸೀಸನ್‌ನಲ್ಲಿ ಸರ್ವರ್ ಅಳಿಸಬೇಕಂತೆ!

ಸುಳಿವು ಸಿಕ್ಕಿದ್ದು ಅಪ್‌ಡೇಟ್-ಗ್ರಬ್ ತಯಾರಿಸುವ /ಬೂಟ್/ಗ್ರಬ್/ಗ್ರಬ್.ಸಿಎಫ್‌ಜಿ ತೆರೆದಾಗ. ಅಲ್ಲಿ 'ಸೆಟ್ ಟೈಮ್‌ಔಟ್=0' ಅಂತಿತ್ತು. ಅಂದ್ರೆ ಆ ಫೈಲ್ ತಯಾರಾಗುವಾಗಲೇ ನನ್ನ 5 ಹಾರಿಹೋಗಿದೆ. ಹುಡುಕಿದರೆ /ಈಟಿಸಿ/ಡಿಫಾಲ್ಟ್/ ಒಳಗೆ ಗ್ರಬ್.ಡಿ ಅನ್ನೋ ಫೋಲ್ಡರ್, ಅದರಲ್ಲಿ 50-ಕ್ಲೌಡ್‌ಇಮ್‌ಜಿ-ಸೆಟ್ಟಿಂಗ್ಸ್.ಸಿಎಫ್‌ಜಿ ಅಂತ ಒಂದು ಫೈಲ್. ಅಪ್‌ಡೇಟ್-ಗ್ರಬ್ ಮೊದಲು ಮುಖ್ಯ ಫೈಲ್ ಓದುತ್ತದೆ, ಆಮೇಲೆ ಈ ಫೋಲ್ಡರಿನ ಫೈಲುಗಳನ್ನ ಹೆಸರಿನ ಕ್ರಮದಲ್ಲಿ ಓದುತ್ತದೆ, ಕೊನೆಗೆ ಓದಿದ್ದೇ ಉಳಿಯುತ್ತದೆ. ಆ 50ರ ಫೈಲಿನಲ್ಲಿ ಟೈಮ್‌ಔಟ್ 0, ಬೂಟ್ ಫೇಲ್ ಆದ ನಂತರದ ಟೈಮ್‌ಔಟೂ 0, ಕರ್ನಲ್ ಸಾಲಿಗೆ ಕನ್ಸೋಲ್=ಟಿಟಿವೈ1 ಕನ್ಸೋಲ್=ಟಿಟಿವೈಎಸ್0 (ಕರ್ನಲ್ ಮೆಸೇಜ್ ಎಲ್ಲೆಲ್ಲಿ ಕಾಣಬೇಕು ಅನ್ನೋ ಆಪ್ಷನ್‌ಗಳು).

ಹೀಗಿಟ್ಟಿರೋದು ಸುಮ್ನೆ ಅಲ್ಲ. ಕ್ಲೌಡ್ ಸರ್ವರ್ ಮುಂದೆ ಕೀಬೋರ್ಡ್ ಹಿಡಿದು ಯಾರೂ ಕೂತಿರಲ್ಲ, ಮೆನು ಯಾರಿಗೋಸ್ಕರ ಕಾಯಬೇಕು? ಇದು ಇವರು ಸೇರಿಸಿದ್ದೂ ಅಲ್ಲ, ಉಬುಂಟು ಕ್ಲೌಡ್ ಇಮೇಜ್ ಜೊತೆಗೇ ಬರುತ್ತದೆ. ಆದರೆ ದಿನಾ ಇದೇ ಇಮೇಜ್ ಮಾರುವವರ ಸಪೋರ್ಟಿಗೆ ಇಷ್ಟು ಗೊತ್ತಿರಬೇಕು, ಅಲ್ವಾ?

ಪರಿಹಾರ ಚಿಕ್ಕದು. 50ನ್ನು ಮುಟ್ಟಬೇಡಿ. ಅದೇ ಫೋಲ್ಡರಿನಲ್ಲಿ 99-ಲೋಕಲ್.ಸಿಎಫ್‌ಜಿ ಅಂತ ಇನ್ನೊಂದು ಫೈಲ್ ಮಾಡಿ ನಿಮ್ಮ ಸೆಟ್ಟಿಂಗ್ ಅಲ್ಲಿ ಬರೆಯಿರಿ, ಹೆಸರಿನ ಕೊನೆಗೆ ಸಿಎಫ್‌ಜಿ ಇರಲೇಬೇಕು, ಇಲ್ಲಾಂದ್ರೆ ಅದನ್ನ ಓದೋದೇ ಇಲ್ಲ. ಕರ್ನಲ್ ಆಪ್ಷನ್ ಸೇರಿಸುವುದಿದ್ದರೆ ಡಾಲರ್ ಚಿಹ್ನೆ ಮತ್ತು ಆ ಸೆಟ್ಟಿಂಗಿನ ಹೆಸರು ಹಾಕಿ ಹಳೇ ಆಪ್ಷನ್‌ಗಳನ್ನೂ ಒಳಗೆ ಉಳಿಸಿಕೊಳ್ಳಿ, ಇಲ್ಲದಿದ್ದರೆ ಆ ಕನ್ಸೋಲ್ ಆಪ್ಷನ್‌ಗಳು ಹೋಗಿ ಸೀರಿಯಲ್ ಕನ್ಸೋಲ್‌ನಲ್ಲಿ ಕರ್ನಲ್ ಮೆಸೇಜ್ ಕಾಣಲ್ಲ. ಅಪ್‌ಡೇಟ್-ಗ್ರಬ್, ರೀಬೂಟ್, ಆಮೇಲೆ /ಪ್ರಾಕ್/ಸಿಎಮ್‌ಡಿಲೈನ್ ನೋಡಿದರೆ ಆಪ್ಷನ್ ಹತ್ತಿದೆಯೋ ಇಲ್ಲವೋ ಗೊತ್ತಾಗುತ್ತದೆ. ಈಗ ಹೊಸ ಸರ್ವರ್ ಎತ್ತಿದಾಗಲೆಲ್ಲ ನಾವು ಆ 99 ಫೈಲ್ ಕಾಪಿ ಮಾಡುತ್ತೇವೆ, ಮೆನು ನಿಲ್ಲುತ್ತದೆ.

ಐದರಲ್ಲಿ ನಾಲ್ಕು ಸ್ಟಾರ್. ಕಟ್ ಆದ ಒಂದು ಸ್ಟಾರ್ ಸಪೋರ್ಟಿನದು, ಅವರ ಸಹಾಯ ಪುಟ ಈಗಲೂ ಮುಖ್ಯ ಫೈಲ್ ತಿದ್ದಿ ಅಂತಲೇ ಹೇಳುತ್ತಿದೆ.