ಗ್ರೀಕ್ ನಾಯಕಿಯರ ಐದು ಪ್ರೇಮಕಥೆಗಳು: ಮನೆಯವರ ಕೈಗೆ ಯಾವುದನ್ನು ಕೊಡಬೇಕು?

ಗ್ರೀಕ್ ಹೆಣ್ಣುಮಗಳೊಬ್ಬಳು ನಾಯಕಿಯಾಗಿರುವ, ಹಿಂದಿನ ಕಾಲದ ಬದುಕನ್ನು ಕಣ್ಣಿಗೆ ಕಟ್ಟುವ, ಮನೆಯಲ್ಲಿ ಯಾರ ಕೈಗಾದರೂ ಅಂಜದೆ ಕೊಡಬಹುದಾದ ಪ್ರೇಮಕಾದಂಬರಿ ಬೇಕೆಂದರೆ ನನ್ನ ಕೈ ಮೊದಲು ಹೋಗುವುದು ಗ್ರೀಕರೇ ಬರೆದಿಟ್ಟ ಹಳೆಯ ಕಥೆಗಳ ಕಡೆಗೆ. ಸುಮಾರು ಕ್ರಿ.ಶ. ಒಂದನೆಯ ಶತಮಾನದಿಂದ ನಾಲ್ಕನೆಯ ಶತಮಾನದವರೆಗಿನ ಅವಧಿಯ ಇಂಥ ಐದು ಗದ್ಯ ಕಾದಂಬರಿಗಳು ನಮಗೆ ಪೂರ್ತಿಯಾಗಿ ಸಿಗುತ್ತವೆ. ಐದರದೂ ಹೆಚ್ಚುಕಡಿಮೆ ಒಂದೇ ಚೌಕಟ್ಟು. ಚೆಲುವಿನ ಹುಡುಗ, ಚೆಲುವಿನ ಹುಡುಗಿ, ಮೊದಲ ನೋಟಕ್ಕೇ ಒಲವು. ಆಮೇಲೆ ಬಿರುಗಾಳಿ, ಕಡಲ್ಗಳ್ಳರು, ಗುಲಾಮಗಿರಿ, ನ್ಯಾಯಸಭೆ. ಕೊನೆಗೆ ಇಬ್ಬರೂ ಒಂದಾಗುವುದು. ಚೌಕಟ್ಟು ಒಂದೇ ಆಗಿರುವುದರಿಂದ ಪಕ್ಕಪಕ್ಕ ಇಟ್ಟು ಓದಿದಾಗ ಬರೆದವರ ಮನಸ್ಸು ಎಲ್ಲಿ ಬೇರೆಯಾಗುತ್ತದೆ ಎಂಬುದು ಚೆನ್ನಾಗಿ ಕಾಣುತ್ತದೆ.

ಈ ಮಳೆಗಾಲ ಐದನ್ನೂ ಇಂಗ್ಲಿಷ್ ಅನುವಾದದಲ್ಲಿ ಒಂದರ ಹಿಂದೆ ಒಂದು ಓದಿದೆ. ಪಿಯುಸಿ ಓದುತ್ತಿರುವ ಅಕ್ಕನ ಮಗಳಿಗೆ ಯಾವುದನ್ನು ಕೊಡಲಿ ಎಂಬ ಪ್ರಶ್ನೆ ಉದ್ದಕ್ಕೂ ತಲೆಯಲ್ಲಿತ್ತು. ಶುರುಮಾಡುವಾಗ ನನ್ನ ಅಳತೆಗೋಲು ಸರಳವಾಗಿತ್ತು: ನಾಚಿಕೆಗೇಡಿನ ವರ್ಣನೆ ಇರಬಾರದು, ಅಷ್ಟೆ. ಓದುತ್ತಾ ಹೋದಂತೆ ಅದಕ್ಕಿಂತ ದೊಡ್ಡ ಪ್ರಶ್ನೆಯೊಂದು ಎದುರು ಬಂತು. ಹುಡುಗಿಗೆ ವಿಧಿಸಿದ ನೀತಿಯನ್ನು ಹುಡುಗನಿಗೂ ಈ ಕಥೆ ವಿಧಿಸುತ್ತದೆಯೇ? ಅವಳ ಮಾತಿಗೆ, ಅವಳ ತೀರ್ಮಾನಕ್ಕೆ ಕಥೆಯೊಳಗೆ ಬೆಲೆಯಿದೆಯೇ? ಇವನ್ನು ಕೇಳಿಕೊಂಡ ಮೇಲೆ ನನ್ನ ಪಟ್ಟಿಯ ಕ್ರಮವೇ ತಿರುಗಿಹೋಯಿತು.

ಐದರಲ್ಲಿ ಹೆಸರುವಾಸಿಯಾದದ್ದು ಲಾಂಗಸ್‌ನ ‘ಡ್ಯಾಫ್ನಿಸ್ ಮತ್ತು ಕ್ಲೋಯಿ’. ಲೆಸ್ಬೋಸ್ ದ್ವೀಪದ ಹಳ್ಳಿಗಾಡಿನಲ್ಲಿ ಮೇಕೆ ಹಾಲು ಕುಡಿಸಿ ಉಳಿಸಿದ ಗಂಡುಕೂಸು, ಕುರಿ ಹಾಲು ಕುಡಿಸಿ ಉಳಿಸಿದ ಹೆಣ್ಣುಕೂಸು. ಇಬ್ಬರೂ ಕುರಿ ಮೇಕೆ ಕಾಯುವವರ ಮನೆಯಲ್ಲಿ ಬೆಳೆದು, ಹಿಂಡು ಮೇಯಿಸುತ್ತಾ, ತಮಗೇನಾಗುತ್ತಿದೆ ಎಂದೇ ತಿಳಿಯದೆ ಪ್ರೀತಿಸುತ್ತಾರೆ. ವಸಂತ, ಬೇಸಿಗೆ, ದ್ರಾಕ್ಷಿ ಕೊಯ್ಲು, ಹಿಮ ಬಿದ್ದ ಚಳಿಗಾಲ ಎಂದು ಋತುಗಳ ಜೊತೆಗೇ ಕಥೆ ನಡೆಯುತ್ತದೆ. ಹಿಮದಲ್ಲಿ ದಾರಿ ಮುಚ್ಚಿಹೋದಾಗ ಹಕ್ಕಿ ಹಿಡಿಯುವ ನೆವ ಮಾಡಿಕೊಂಡು ಡ್ಯಾಫ್ನಿಸ್ ಅವಳ ಮನೆಯ ಬಳಿ ಸುಳಿದಾಡುವ ಭಾಗವನ್ನು ನಾನು ಎರಡೆರಡು ಸಲ ಓದಿದೆ. ಇದನ್ನು ವರ್ಷಕ್ಕೊಮ್ಮೆ ಓದಬೇಕೆಂದು ಜರ್ಮನ್ ಕವಿ ಗಯಟೆ ಹೇಳಿದ್ದರಲ್ಲಿ ನನಗೆ ಅಚ್ಚರಿಯಿಲ್ಲ.

ಆದರೂ ಇದನ್ನು ಹುಡುಗಿಯ ಕೈಗೆ ಕೊಡಲಿಲ್ಲ. ಮೂರನೆಯ ಭಾಗದಲ್ಲಿ ನೆರೆಮನೆಯ ಗೃಹಿಣಿ ಲೈಕೇನಿಯನ್ ಡ್ಯಾಫ್ನಿಸ್‌ನನ್ನು ಕಾಡಿಗೆ ಕರೆದೊಯ್ದು ಪ್ರೇಮದ ಪಾಠ ಕಲಿಸುತ್ತಾಳೆ. ಆ ಪುಟಗಳು ಬಿಚ್ಚುಮನಸ್ಸಿನವು ಎಂಬುದಕ್ಕಿಂತ ನನಗೆ ಚುಚ್ಚಿದ್ದು ಮುಂದೆ ಆಗುವುದು: ಅವನಿಗೆ ಎಲ್ಲ ಗೊತ್ತು, ಅವಳಿಗೆ ಮದುವೆಯ ರಾತ್ರಿಯವರೆಗೂ ಏನೂ ಗೊತ್ತಿಲ್ಲ. ಮೊದಲ ಭಾಗದಲ್ಲಿ ಅವನಷ್ಟೇ ಜೀವಂತವಾಗಿದ್ದ ಕ್ಲೋಯಿ ಕೊನೆಯ ಹೊತ್ತಿಗೆ ಮಂಕಾಗಿ, ಬರೀ ಕೈಹಿಡಿಸಿಕೊಳ್ಳುವ ಮದುಮಗಳಾಗುತ್ತಾಳೆ. ಅವರಿಬ್ಬರ ವಯಸ್ಸೂ ತೀರಾ ಎಳೆಯದು. ಅವಳಿಗೆ ಹದಿಮೂರು, ಅವನಿಗೆ ಹದಿನೈದು. ಹೊಲ, ಹಿಂಡು, ಪ್ಯಾನ್ ದೇವರು, ವನದೇವತೆಯರ ಗುಹೆ, ಕೊಳಲಿನ ದನಿ ಇವೆಲ್ಲ ಬೇಕೆಂದರೆ ಇದಕ್ಕೆ ಸಾಟಿ ಇಲ್ಲ. ದೊಡ್ಡವರು ಓದಿಕೊಳ್ಳಲಿ.

ಅಕಿಲೀಸ್ ಟೇಷಿಯಸ್‌ನ ‘ಲ್ಯೂಕಿಪ್ಪೆ ಮತ್ತು ಕ್ಲಿಟೋಫೋನ್’ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ನಾಯಕಿಯ ಹೊಟ್ಟೆ ಸೀಳಿ ಕರುಳು ತೆಗೆದಂತೆ ತೋರಿಸುವ ದೃಶ್ಯ (ಅದು ನಾಟಕದ ಕತ್ತಿ ಮತ್ತು ಕುರಿಯ ಕರುಳಿನ ಕೈಚಳಕವೆಂದು ಆಮೇಲೆ ತಿಳಿಯುತ್ತದೆ) ಹೊಟ್ಟೆ ತೊಳಸುವಂಥದ್ದು. ಕಥೆ ಹೇಳುವವನು ನಾಯಕನೇ. ಲ್ಯೂಕಿಪ್ಪೆ ಸತ್ತಳೆಂದು ನಂಬಿ ಎಫೆಸಸ್‌ನ ಮೆಲಿಟೆ ಎಂಬ ಹೆಣ್ಣನ್ನು ಮದುವೆಯಾಗಿ, ಅವಳನ್ನು ಮುಟ್ಟದೆ ದಿನ ತಳ್ಳುತ್ತಾನೆ. ಲ್ಯೂಕಿಪ್ಪೆ ಬದುಕಿದ್ದಾಳೆಂದು ತಿಳಿದ ಮೇಲೆ ಸೋಲುತ್ತಾನೆ. ಅದೇ ಲ್ಯೂಕಿಪ್ಪೆ ಮಾತ್ರ ಗುಹೆಯೊಳಗೆ ನಿಂತು ತನ್ನ ಕನ್ಯತ್ವವನ್ನು ರುಜುವಾತು ಮಾಡಬೇಕು. ನನ್ನ ಅಳತೆಗೋಲಿನಲ್ಲಿ ಇದು ಅಲ್ಲಿಗೇ ಬಿತ್ತು.

ಓದು ಶುರುಮಾಡುವ ಹುಡುಗಿಯರಿಗೆ ನಾನು ಕೊಡುವುದು ಎಫೆಸಸ್‌ನ ಜೆನೊಫೋನ್ ಬರೆದ ‘ಎಫೆಸಸ್ ಕಥೆ’. ಐದೇ ಭಾಗ, ಸಣ್ಣ ಸಣ್ಣ ವಾಕ್ಯ, ಪುಟಕ್ಕೊಂದು ಅಪಾಯ. ಆರ್ಟೆಮಿಸ್ ದೇವಿಯ ಉತ್ಸವದ ಮೆರವಣಿಗೆಯಲ್ಲಿ ಆಂಥಿಯಾ ಹಬ್ರೊಕೊಮೀಸ್‌ನನ್ನು ನೋಡುತ್ತಾಳೆ. ಇಬ್ಬರೂ ಹಾಸಿಗೆ ಹಿಡಿಯುತ್ತಾರೆ. ತಂದೆತಾಯಿ ಅಪೊಲೊ ದೇವರ ಕಣಿ ಕೇಳಿಸಿ ಮದುವೆ ಮಾಡುತ್ತಾರೆ. ಮದುವೆಯ ರಾತ್ರಿಯ ವರ್ಣನೆ ತುಸು ಇದೆ, ಗಂಡಹೆಂಡಿರದೇ, ಮೃದುವಾದದ್ದು. ಬಳಿಕ ಸಮುದ್ರಯಾನ, ಕಡಲ್ಗಳ್ಳರು, ಅಗಲಿಕೆ.

ಶಿಲ್ಪದ ದೃಷ್ಟಿಯಿಂದ ಐದರಲ್ಲಿ ಇದೇ ದುರ್ಬಲ. ಘಟನೆಗಳು ನುಗ್ಗಿ ಬರುತ್ತವೆ, ಕಾರಣಗಳು ಹಿಂದೆ ಬೀಳುತ್ತವೆ. ಆದರೆ ಆಂಥಿಯಾಳ ಧೈರ್ಯ ದೊಡ್ಡದು. ಮೈಮೇಲೆ ಬಿದ್ದ ಕಳ್ಳನನ್ನು ಕತ್ತಿಯಿಂದ ಇರಿದು ಕೊಲ್ಲುತ್ತಾಳೆ. ವೇಶ್ಯಾಗೃಹಕ್ಕೆ ಮಾರಿದಾಗ ಮೂರ್ಛೆರೋಗ ಬಂದವಳಂತೆ ನಟಿಸಿ ಪಾರಾಗುತ್ತಾಳೆ. ಅಲೆಕ್ಸಾಂಡ್ರಿಯದಲ್ಲಿ ಅವಳನ್ನು ಕೊಳ್ಳುವವನು ಸಮ್ಮಿಸ್ ಎಂಬ ಭಾರತದ ರಾಜ! ತಾನು ಐಸಿಸ್ ದೇವಿಗೆ ಮುಡಿಪಾದವಳು ಎಂದು ಅವಳು ಹೇಳಿದ್ದೇ ತಡ, ಅವನು ಗೌರವದಿಂದ ದೂರ ನಿಲ್ಲುತ್ತಾನೆ. ಇಡೀ ಕಥೆಯಲ್ಲಿ ಹಬ್ರೊಕೊಮೀಸ್ ಕೂಡ ಅಷ್ಟೇ ಕಷ್ಟಪಟ್ಟು ಮಾತು ಉಳಿಸಿಕೊಳ್ಳುತ್ತಾನೆ. ರೋಡ್ಸ್ ದ್ವೀಪದಲ್ಲಿ ಮತ್ತೆ ಸೇರಿದ ರಾತ್ರಿ ಇಬ್ಬರೂ ಒಬ್ಬರಿಗೊಬ್ಬರು ಒಂದೇ ಪ್ರಮಾಣ ಹೇಳುತ್ತಾರೆ. ಅಕ್ಕನ ಮಗಳು ಇದನ್ನು ಕೆಳಗಿಡದೆ ಓದಿದಳು. ಒಂದು ಎಚ್ಚರಿಕೆ: ಕೊನೆಯ ಭಾಗದಲ್ಲಿ ಸಿಸಿಲಿ ದ್ವೀಪದ ಸಿರಾಕ್ಯೂಸ್‌ನ ಮುದಿ ಮೀನುಗಾರನೊಬ್ಬ ತೀರಿಹೋದ ಹೆಂಡತಿಯ ದೇಹವನ್ನು ಕೆಡದಂತೆ ಮನೆಯಲ್ಲೇ ಇಟ್ಟುಕೊಂಡು ದಿನವೂ ಮಾತಾಡಿಸುತ್ತಾನೆ. ಸೂಕ್ಷ್ಮ ಮನಸ್ಸಿನ ಮಕ್ಕಳಿಗೆ ಅದು ಭಾರವಾಗಬಹುದು. ನನಗೆ ಇಡೀ ಪುಸ್ತಕದಲ್ಲಿ ನಿಜವಾದ ಪ್ರೀತಿ ಕಂಡದ್ದು ಅಲ್ಲೇ.

ಉಳಿದ ಎರಡರ ನಡುವೆ ಆಯ್ಕೆ ಮಾಡುವುದು ಕಷ್ಟವಾಯಿತು.

ಹೆಲಿಯೊಡೋರಸ್‌ನ ‘ಇಥಿಯೋಪಿಯದ ಕಥೆ’ ಹತ್ತು ಭಾಗಗಳ ದೊಡ್ಡ ಕಟ್ಟಡ. ನೈಲ್ ನದಿಯ ಮುಖದಲ್ಲಿ ಬೆಳಗಾಗುತ್ತಿದೆ. ಬೆಟ್ಟದ ಮೇಲಿಂದ ದರೋಡೆಕೋರರು ನೋಡಿದರೆ ದಂಡೆಯ ತುಂಬ ಹೆಣಗಳು, ಅರ್ಧಕ್ಕೆ ನಿಂತ ಔತಣ, ಕಾವಲಿಲ್ಲದ ಹಡಗು. ನಡುವೆ ಬಿಲ್ಲು ಹಿಡಿದ ಹುಡುಗಿಯೊಬ್ಬಳು ಗಾಯಗೊಂಡ ತರುಣನ ಪಕ್ಕ ಕುಳಿತಿದ್ದಾಳೆ. ಇದು ಏಕೆ ಹೀಗಾಯಿತು ಎಂದು ತಿಳಿಯಲು ಅರ್ಧ ಪುಸ್ತಕ ಕಾಯಬೇಕು. ಕಥೆಯೊಳಗೆ ಕಥೆ ಹೇಳುತ್ತಾ ಹೋಗುವ ಈ ಬಗೆ ನಮಗೆ ಹೊಸದೇನಲ್ಲ. ಆದರೂ ತಾಳ್ಮೆ ಬೇಡುತ್ತದೆ. ಅಕ್ಕನ ಮಗಳು ಮೂರನೆಯ ಭಾಗದ ಹೊತ್ತಿಗೆ ಯಾರು ಯಾರಿಗೆ ಕಥೆ ಹೇಳುತ್ತಿದ್ದಾರೆ ಎಂದು ತಿಳಿಯದೆ ನಿಲ್ಲಿಸಿಬಿಟ್ಟಳು.

ನಾಯಕಿ ಕಾರಿಕ್ಲಿಯಾ ಹುಟ್ಟಿನಿಂದ ಇಥಿಯೋಪಿಯದ ರಾಜಕುಮಾರಿ. ರಾಣಿ ಗರ್ಭ ಧರಿಸುವಾಗ ಪುರಾಣದ ರಾಜಕುಮಾರಿ ಆಂಡ್ರೊಮಿಡಾಳ ಬಿಳಿಮೈಯ ಚಿತ್ರವನ್ನು ನೋಡಿದ್ದರಿಂದ ಮಗು ಬಿಳಿಯಾಗಿ ಹುಟ್ಟಿತು. ಅಪವಾದಕ್ಕೆ ಹೆದರಿದ ತಾಯಿ ಅದನ್ನು ಹೊರಗೆ ಬಿಡಿಸಿದಳು. ಅವಳನ್ನು ಸಾಕಿ, ಗ್ರೀಕ್ ಹೆಣ್ಣಾಗಿ ಬೆಳೆಸಿದವನು ಡೆಲ್ಫಿಯ ಅರ್ಚಕ. ಡೆಲ್ಫಿಯ ಉತ್ಸವ ಗ್ರೀಕ್ ಬದುಕನ್ನು ತೋರಿಸುವ ಭಾಗಗಳಲ್ಲೇ ನನಗೆ ಮೇಲು. ಥೆಸಲಿಯಿಂದ ಬಂದ ತಂಡ, ಬಲಿಯ ಎತ್ತುಗಳ ಸಾಲು, ರಥದಲ್ಲಿ ಆರ್ಟೆಮಿಸ್ ದೇವಿಯ ಅರ್ಚಕಿಯಾಗಿ ಬರುವ ಕಾರಿಕ್ಲಿಯಾ. ಬಲಿಪೀಠಕ್ಕೆ ಬೆಂಕಿ ಹೊತ್ತಿಸಲು ಅವಳು ಪಂಜನ್ನು ಕಥಾನಾಯಕ ಥಿಯಾಜಿನೀಸ್‌ನ ಕೈಗೆ ಕೊಡುವಾಗ ಇಬ್ಬರೂ ಹಿಂದೆಂದೋ ಕಂಡವರಂತೆ ನಿಂತುಬಿಡುತ್ತಾರೆ.

ಇಲ್ಲಿ ಬುದ್ಧಿ ಓಡಿಸುವವಳು ಅವಳೇ. ಮದುವೆಗೆ ಮುಂಚೆ ಮುಟ್ಟುವುದಿಲ್ಲವೆಂದು ಅವನಿಂದ ಆಣೆ ಮಾಡಿಸುತ್ತಾಳೆ. ದರೋಡೆಕೋರರ ನಾಯಕ ಮದುವೆಯಾಗು ಎಂದಾಗ, ನಾವಿಬ್ಬರೂ ಅಣ್ಣತಂಗಿ, ಮೆಂಫಿಸ್‌ನ ಗುಡಿಯಲ್ಲಿ ಅರ್ಚಕಿಯ ಪದವಿ ಬಿಟ್ಟುಕೊಟ್ಟ ಮೇಲೆ ಒಪ್ಪುತ್ತೇನೆ ಎಂದು ದಿನ ಮುಂದೂಡುತ್ತಾಳೆ. ಥಿಯಾಜಿನೀಸ್ ಗಾಬರಿಯಾದರೆ ಅವನಿಗೂ ಬಿಡಿಸಿ ಹೇಳುತ್ತಾಳೆ. ಇಥಿಯೋಪಿಯದ ಮೆರೊಯೆ ನಗರದಲ್ಲಿ, ಶುದ್ಧರಾದವರನ್ನಷ್ಟೇ ಸುಡದ ಬೆಂಕಿಯ ಹಾಸಿನ ಮೇಲೆ ಅವಳನ್ನು ನಿಲ್ಲಿಸುವಾಗ ನಮಗೆ ಸೀತೆ ನೆನಪಾಗದೆ ಇರಲಾರಳು. ಆದರೆ ಆ ಹಾಸಿನ ಮೇಲೆ ಥಿಯಾಜಿನೀಸ್‌ನೂ ನಿಲ್ಲಬೇಕು, ಅವನೂ ಗೆಲ್ಲುತ್ತಾನೆ! ಸುಮಾರು ಹದಿನಾರು ಶತಮಾನಗಳ ಹಿಂದೆಯೇ ಒಬ್ಬ ಕಥೆಗಾರ ಗಂಡಿಗೂ ಅದೇ ಬೆಂಕಿ ಇಟ್ಟ ಎಂಬುದು ನನ್ನ ಪಾಲಿಗೆ ಈ ಪುಸ್ತಕದ ದೊಡ್ಡ ಸಂತೋಷ.

ಹಾಗಿದ್ದೂ ನನ್ನ ಮೊದಲ ಸ್ಥಾನ ಕ್ಯಾರಿಟನ್‌ನ ‘ಕಲ್ಲಿರೋಯೆ’ಗೆ. ಹೆಚ್ಚಿನ ವಿದ್ವಾಂಸರು ಇದನ್ನು ಒಂದನೆಯ ಶತಮಾನದ ಆಸುಪಾಸಿನದೆಂದು ಎಣಿಸುತ್ತಾರೆ. ತಾನು ಅಫ್ರೊಡಿಸಿಯಸ್ ಊರಿನವನು, ವಕೀಲರೊಬ್ಬರ ಗುಮಾಸ್ತ ಎಂದು ಕ್ಯಾರಿಟನ್ ಮೊದಲ ಸಾಲಿನಲ್ಲೇ ಪರಿಚಯ ಹೇಳಿಕೊಳ್ಳುತ್ತಾನೆ. ಆ ಊರು ಇಂದಿನ ಟರ್ಕಿಯಲ್ಲಿದೆ. ಅವನು ಬರೆದದ್ದು ತನಗಿಂತ ನಾಲ್ಕೈದು ಶತಮಾನ ಹಿಂದಿನ ಸಿರಾಕ್ಯೂಸ್ ಬಗ್ಗೆ. ಕ್ರಿ.ಪೂ. 413ರಲ್ಲಿ ಅಥೆನ್ಸ್‌ನ ಸೇನೆಯನ್ನು ಸೋಲಿಸಿದ ಸಿರಾಕ್ಯೂಸ್‌ನ ಮುಖಂಡ ಹರ್ಮೊಕ್ರಟೀಸ್‌ನ ಮಗಳೇ ಇಲ್ಲಿಯ ನಾಯಕಿ. ಪರ್ಷಿಯದ ದೊರೆ ಅರ್ಟಾಜರ್ಕ್ಸೀಸ್, ರಾಣಿ ಸ್ಟಟೈರಾ ಕೂಡ ಬರುತ್ತಾರೆ. ಹರ್ಮೊಕ್ರಟೀಸ್ ತೀರಿಕೊಂಡದ್ದು ಕ್ರಿ.ಪೂ. 407ರಲ್ಲಿ, ಈ ಅರ್ಟಾಜರ್ಕ್ಸೀಸ್ ಪಟ್ಟಕ್ಕೆ ಬಂದದ್ದು 404ರಲ್ಲಿ. ಹಾಗಾಗಿ ಕಾಲಗಣನೆ ಕೂಡುವುದಿಲ್ಲ. ಕಥೆ ಓದುವಾಗ ಅದು ಅಡ್ಡಬರಲಿಲ್ಲ.

ಕಲ್ಲಿರೋಯೆ ಮತ್ತು ಕೈರಿಯಾಸ್‌ರ ಮನೆತನಗಳಿಗೆ ಹಗೆ. ಊರಿನ ಜನರೇ ಸಭೆ ಸೇರಿ, ಇವರಿಬ್ಬರಿಗೆ ಮದುವೆ ಮಾಡಿಸೆಂದು ಹರ್ಮೊಕ್ರಟೀಸ್‌ನನ್ನು ಬೇಡುತ್ತಾರೆ. ಮದುವೆಯಾದ ಸ್ವಲ್ಪ ದಿನಕ್ಕೇ, ಸೋತ ವರರು ಹೂಡಿದ ಸಂಚಿಗೆ ಬಿದ್ದ ಕೈರಿಯಾಸ್ ಅನುಮಾನದ ಕುರುಡಿನಲ್ಲಿ ತುಂಬುಹರೆಯದ ಹೆಂಡತಿಯನ್ನು ಒದೆಯುತ್ತಾನೆ. ಉಸಿರು ನಿಂತಂತೆ ಬಿದ್ದವಳನ್ನು ಸತ್ತಳೆಂದು ಗೋರಿಯಲ್ಲಿಡುತ್ತಾರೆ. ಗೋರಿ ಕೊಳ್ಳೆಹೊಡೆಯಲು ಬಂದ ಥೆರಾನ್ ಎಂಬ ಕಡಲ್ಗಳ್ಳ ಅವಳನ್ನು ಮಿಲೆಟಸ್‌ಗೆ ಒಯ್ದು ಮಾರುತ್ತಾನೆ. ಆ ಒದೆತವನ್ನು ಮುಚ್ಚಿಟ್ಟು ಈ ಪುಸ್ತಕವನ್ನು ಹೊಗಳುವುದು ತಪ್ಪು. ಹುಡುಗಿಗೆ ಕೊಡುವ ಮುಂಚೆ ಅದನ್ನು ಹೇಳಿಯೇ ಕೊಟ್ಟೆ. ಕಥೆ ಅದನ್ನು ಅಪರಾಧವೆಂದೇ ಕಾಣುತ್ತದೆ, ಕೈರಿಯಾಸ್ ತನಗೆ ಮರಣದಂಡನೆ ಕೊಡಿ ಎಂದು ಸಭೆಯಲ್ಲಿ ತಾನೇ ಕೇಳುತ್ತಾನೆ. ಆದರೂ ಆ ಗಾಯ ನನ್ನಲ್ಲಿ ಪೂರ್ತಿ ಮಾಯಲಿಲ್ಲ.

ಮಿಲೆಟಸ್‌ನಲ್ಲಿ ಅವಳ ಒಡೆಯನಾದ ಡಯೊನೀಸಿಯಸ್ ಹೆಂಡತಿ ತೀರಿಹೋದ, ಸಜ್ಜನನಾದ ಸಿರಿವಂತ. ಕೊಂಡ ಹೆಣ್ಣನ್ನು ಬಲವಂತ ಮಾಡಬಹುದಾಗಿದ್ದರೂ ಮಾಡುವುದಿಲ್ಲ, ಅವಳ ಒಪ್ಪಿಗೆಗಾಗಿ ಕಾಯುತ್ತಾನೆ. ಅಷ್ಟರಲ್ಲಿ ತಾನು ಗರ್ಭಿಣಿ, ಕೂಸು ಕೈರಿಯಾಸ್‌ನದು ಎಂದು ಅವಳಿಗೆ ತಿಳಿಯುತ್ತದೆ. ಇವನನ್ನು ಮದುವೆಯಾದರೆ ಕೂಸು ಉಳಿಯುತ್ತದೆ. ಆಗದಿದ್ದರೆ ಗುಲಾಮಳ ಹೊಟ್ಟೆಯ ಗುಲಾಮ. ಆಗ ಅವಳು ಬಾಗಿಲು ಹಾಕಿಕೊಂಡು, ಗಂಡನ ಚಿತ್ರವನ್ನು ಹೊಟ್ಟೆಯ ಮೇಲಿಟ್ಟುಕೊಂಡು, ಗಂಡ, ಹೆಂಡತಿ, ಮಗು ಮೂವರೂ ಇದ್ದೇವೆ, ಮತ ಹಾಕೋಣ ಎನ್ನುತ್ತಾಳೆ. ಅವಳ ಮತ ಸಾವಿಗೆ, ಮಗುವಿನದು ಬದುಕಿಗೆ. ಕೊನೆಗೆ ಮಗುವಿಗಾಗಿ ಮದುವೆಗೆ ಒಪ್ಪುತ್ತಾಳೆ. ಪಾತಿವ್ರತ್ಯವನ್ನು ಎತ್ತಿಹಿಡಿಯುವ ಕಾಲದ ಕಥೆ ಎರಡು ಮದುವೆಯಾದ ಹೆಣ್ಣನ್ನು ಒಂದು ಸಾಲಿನಲ್ಲೂ ಹಳಿಯುವುದಿಲ್ಲ. ಅವಳಿಗೆ ಯಾವ ಅಗ್ನಿಪರೀಕ್ಷೆಯೂ ಇಲ್ಲ. ಈ ಕರುಣೆಗಾಗಿಯೇ ನಾನು ಇದನ್ನು ಮೇಲಿಟ್ಟದ್ದು.

ಬ್ಯಾಬಿಲೋನ್‌ನ ರಾಜಸಭೆಯಲ್ಲಿ ಇಬ್ಬರು ಗಂಡಂದಿರು ಎದುರುಬದುರು ನಿಲ್ಲುವ ವಿಚಾರಣೆ, ಕೈರಿಯಾಸ್ ಟೈರ್ ಕೋಟೆ ಹಿಡಿಯುವುದು ಎಲ್ಲ ರೋಚಕವಾಗಿವೆ. ಎಂಟನೆಯ ಭಾಗದ ಆರಂಭದಲ್ಲಿ ಕ್ಯಾರಿಟನ್ ಓದುಗರಿಗೆ ನೇರವಾಗಿ ಮಾತು ಕೊಡುತ್ತಾನೆ: ಇನ್ನು ಕಳ್ಳತನ, ಗುಲಾಮಗಿರಿ, ಯುದ್ಧ ಇರುವುದಿಲ್ಲ, ಧರ್ಮಬದ್ಧವಾದ ಪ್ರೀತಿ, ಮದುವೆಯಷ್ಟೇ. ಕೊಟ್ಟ ಮಾತಿನಂತೆ ನಡೆಯುತ್ತಾನೆ ಕೂಡ. ಹೊರಡುವ ಮುನ್ನ ಕಲ್ಲಿರೋಯೆ ಕೈರಿಯಾಸ್‌ಗೆ ಹೇಳದೆ ಡಯೊನೀಸಿಯಸ್‌ಗೆ ಸ್ವಂತ ಕೈಯಿಂದ ಕಾಗದ ಬರೆದು, ಮಗನನ್ನು ಅವನಿಗೇ ಒಪ್ಪಿಸಿ, ದೊಡ್ಡವನಾದ ಮೇಲೆ ಅಜ್ಜನನ್ನು ನೋಡಲು ಕಳಿಸು ಎನ್ನುತ್ತಾಳೆ. “ಅವಳು ಮಗನನ್ನು ಬಿಟ್ಟು ಹೇಗೆ ಹೋದಳು ಚಿಕ್ಕಮ್ಮಾ?” ಎಂದು ಅಕ್ಕನ ಮಗಳು ಕೇಳಿದಳು. ಆ ಸಂಜೆಯೆಲ್ಲ ನಾವಿಬ್ಬರೂ ಅದನ್ನೇ ಮಾತಾಡಿದೆವು.

ಕನ್ನಡಿಗರಿಗೆ ಈ ಸಾಲಿಗೆ ಇನ್ನೊಬ್ಬಳನ್ನು ಸೇರಿಸುವ ಆಸೆ ನನ್ನದು. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕಿ 1903ರಲ್ಲಿ ಅಚ್ಚಾದ ಪಪೈರಸ್ಸಿನ ಪ್ರಹಸನದ ನಾಯಕಿ ಕಾರಿಟಿಯಾನ್, ಭಾರತದ ಕರಾವಳಿಯ ಗುಡಿಯೊಂದರಲ್ಲಿ ಸೆರೆಯಾದ ಗ್ರೀಕ್ ಹೆಣ್ಣು. ಅಲ್ಲಿಯ ರಾಜ ಆಡುವ ಮಾತು ಹಳೆಯ ಕನ್ನಡವಿರಬೇಕೆಂದು ಜರ್ಮನ್ ವಿದ್ವಾಂಸ ಹುಲ್ಟ್ಶ್ 1904ರಲ್ಲಿ ವಾದಿಸಿದರು; ಶಾಮಾಶಾಸ್ತ್ರಿಗಳು, ಗೋವಿಂದ ಪೈಗಳು ಅದನ್ನು ಮುಂದುವರಿಸಿದರು; ಒಪ್ಪದವರೂ ಇದ್ದಾರೆ. ಪ್ರೇಮಕಥೆ ಅಲ್ಲದ್ದರಿಂದ ಹೋಲಿಕೆಗೆ ಸೇರದು. ಆದರೆ ಓಡಿಹೋಗುವಾಗ ಗುಡಿಯ ಒಡವೆ ಎತ್ತಿಕೊಳ್ಳೋಣ ಎಂದ ವಿದೂಷಕನನ್ನು ತಡೆದು, ದೇವರ ಸೊತ್ತು ಕದ್ದು ದೇವರಲ್ಲೇ ರಕ್ಷಣೆ ಬೇಡಬಾರದು ಎನ್ನುವ ಅವಳು ಕಲ್ಲಿರೋಯೆಯ ಪಕ್ಕ ನಿಲ್ಲಬಲ್ಲವಳು.

ಐದೂ ಕಾದಂಬರಿಗಳು ಒಟ್ಟಿಗೆ ಬೇಕೆಂದರೆ ಬಿ. ಪಿ. ರಿಯರ್ಡನ್ ಸಂಪಾದಿಸಿ 1989ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ರಕಾಶನದಿಂದ ಬಂದ ದಪ್ಪ ಇಂಗ್ಲಿಷ್ ಸಂಪುಟವಿದೆ. ಅದರಲ್ಲಿ ‘ಕಲ್ಲಿರೋಯೆ’ಯ ಅನುವಾದ ರಿಯರ್ಡನ್ನರದೇ, ಇಂಗ್ಲಿಷ್ ತಿಳಿಯಾಗಿದೆ, ಕಾಲೇಜು ಮಕ್ಕಳಿಗೆ ತೊಡಕಾಗದು. ಹದಿನಾರು ಹದಿನೇಳರವರಿಗೆ ಮೊದಲು ಆಂಥಿಯಾಳ ಕಥೆ, ಆಮೇಲೆ ಒದೆತದ ವಿಷಯ ಮುಂಚೆಯೇ ತಿಳಿಸಿ ಕಲ್ಲಿರೋಯೆ. ಕಾರಿಕ್ಲಿಯಾಳನ್ನು ಒಂದೆರಡು ವರ್ಷ ಬಿಟ್ಟು, ರಜೆ ಇರುವಾಗ ಕೊಡಿ.