ಏನೂ ಬದಲಿಸದ ಓಮ್ನಿ: ವಾರವಿಡೀ ಮೂಟೆ, ರಜೆಯಲ್ಲಿ ಹಾಸಿಗೆ

ಮಾರುತಿ ಓಮ್ನಿ ಈಗ ಶೋರೂಮಿನಲ್ಲಿ ಸಿಗುವುದಿಲ್ಲ. 1984ರಲ್ಲಿ ‘ಮಾರುತಿ ವ್ಯಾನ್’ ಆಗಿ ಬಂದ ಗಾಡಿಯ ತಯಾರಿಕೆ 2019ರಲ್ಲಿ ನಿಂತಿತು. ಆದರೂ ನಮ್ಮ ತೀರ್ಥಹಳ್ಳಿ ಕಡೆ ಒಳ್ಳೆ ಗಾಡಿ ಮಾರಾಟಕ್ಕಿದೆ ಅಂದರೆ ಸಂಜೆಯೊಳಗೆ ಗಿರಾಕಿ ಬರುತ್ತಾರೆ. ನನ್ನದು 2012ರ ಐದು ಸೀಟಿನದು, ಸೆಕೆಂಡ್ ಹ್ಯಾಂಡ್. ರಜೆ ಬಂದರೆ ರಾತ್ರಿ ಅದರಲ್ಲೇ ಮಲಗಿಕೊಂಡು ಊರು ಸುತ್ತುತ್ತೇವೆ.

ಒಳಗೆ ಮಂಚ, ಸಿಂಕು, ಕಪಾಟು ಕೂರಿಸಿ ಕ್ಯಾಂಪರ್ ಮಾಡಿಸು ಅಂತ ಹೇಳಿದವರು ಜಾಸ್ತಿ. ನಾನು ಒಪ್ಪಲಿಲ್ಲ. ಸೋಮವಾರ ಗೊಬ್ಬರದ ಚೀಲ ತರಬೇಕು, ಸುಗ್ಗಿಯಲ್ಲಿ ಅಡಿಕೆ ಮೂಟೆ ಮಂಡಿಗೆ ಹೋಗಬೇಕು, ನಡುವೆ ಅತ್ತೆಯವರನ್ನು ಶಿವಮೊಗ್ಗದ ಡಾಕ್ಟರ ಹತ್ತಿರ ಕರೆದೊಯ್ಯಬೇಕು. ಮಂಚ ಕೂರಿಸಿದರೆ ಅತ್ತೆ ಎಲ್ಲಿ ಕೂರುತ್ತಾರೆ? ಕಾನೂನೂ ಇದೆ. ಆರ್‌ಸಿಯ ವಿವರಕ್ಕೂ ಗಾಡಿಗೂ ತಾಳೆಯಾಗದಂತೆ ಬದಲಾವಣೆ ಮಾಡುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ. ಐದು ಸೀಟು ಅಂತಿದ್ದರೆ ಐದು ಸೀಟು ಇರಬೇಕು.

ನಮ್ಮ ಏರ್ಪಾಡು ಸರಳ. ಹಿಂದಿನ ಸೀಟು ಮಡಚಿ, ಮೇಲೆ ಎರಡು ತುಂಡು ಪ್ಲೈವುಡ್. ತಗ್ಗಿದ್ದ ಕಡೆ ಮರದ ಕಾಲು ಕೊಟ್ಟಿದ್ದೇನೆ. ಅದರ ಮೇಲೆ ಚಾಪೆ, ಜಮಖಾನೆ, ಕಂಬಳಿ. ಫೋಮ್ ಹಾಸಿಗೆ ತಂದಿದ್ದೆವು, ಮಳೆಗಾಲದಲ್ಲಿ ಬೂಷ್ಟು ಹಿಡಿಯಿತು. ಕಂಬಳಿಯನ್ನು ಕೊಡವಿ ಬಿಸಿಲಿಗೆ ಹಾಕಿದರೆ ಆಯಿತು. ಐದೂವರೆ ಅಡಿಯ ನಾನು ಸ್ವಲ್ಪ ಓರೆಯಾಗಿ ಮಲಗುತ್ತೇನೆ. ಆರಡಿ ಆಳಿಗೆ ಇದು ಆಗುವ ಮಾತಲ್ಲ. ಕೊಳ್ಳುವ ಮೊದಲು ಒಳಗೆ ಮಲಗಿ ನೋಡಿ, ನಾಚಿಕೆ ಬೇಡ.

ಬಾಡಿ ಕಬ್ಬಿಣದ ತಗಡಾದ್ದರಿಂದ ಸೊಳ್ಳೆಪರದೆಯ ಅಂಚಿಗೆ ಮ್ಯಾಗ್ನೆಟ್ ಹೊಲಿದರೆ ಸಾಕು, ಅಂಟಿಕೊಳ್ಳುತ್ತದೆ. ಕಿಟಕಿ ಎರಡೂ ಕಡೆ ಎರಡು ಬೆರಳು ತೆರೆದಿಡಿ. ಇಲ್ಲದಿದ್ದರೆ ಬೆಳಗ್ಗೆ ಗಾಜೆಲ್ಲ ನೀರು, ಕಂಬಳಿಯೂ ಒದ್ದೆ. ಹಿಂದಿನ ಬಾಗಿಲು ಮೇಲಕ್ಕೆ ಏಳುತ್ತದಲ್ಲ, ಅದೇ ನಮ್ಮ ಅಡುಗೆಮನೆಯ ಮಾಡು. ಅದರ ಕೆಳಗೆ ನೆಲದ ಮೇಲೆ ಸಣ್ಣ ಗ್ಯಾಸ್ ಒಲೆ. ಒಳಗೆ ಒಲೆ ಹಚ್ಚುವುದೂ ಬೇಡ, ಎಂಜಿನ್ ಓಡಿಸಿಕೊಂಡು ಮಲಗುವುದೂ ಬೇಡ. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡ್ ಜೀವ ತೆಗೆಯುವ ವಿಷಾನಿಲ, ಅದಕ್ಕೆ ವಾಸನೆಯೂ ಇರುವುದಿಲ್ಲ. ಮಳೆಗಾಲದಲ್ಲಿ ಜಾರುಬಾಗಿಲು ತೆರೆದು ಕಾಲು ಇಳಿಬಿಟ್ಟು ಕೂರಬೇಡಿ, ಇಂಬಳ (ಜಿಗಣೆ) ಹತ್ತುತ್ತದೆ.

ಓಡಿಸುವ ವಿಷಯಕ್ಕೆ ಬಂದರೆ, 796 ಸಿಸಿ, ಮೂರು ಸಿಲಿಂಡರ್, ನಾಲ್ಕೇ ಗೇರು. ಆಗುಂಬೆಯ 14 ತಿರುವುಗಳನ್ನು ಸೆಕೆಂಡ್ ಗೇರಿನಲ್ಲಿ ಗೊಣಗುತ್ತಾ ಹತ್ತುತ್ತದೆ, ಲೋಡಿದ್ದರೆ ಫಸ್ಟಿಗೆ ಇಳಿಸಬೇಕು. ಎಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ. ಏಪ್ರಿಲ್‌ನಲ್ಲಿ ಕರಾವಳಿಗೆ ಹೋದರೆ ಕೆಳಗಿಂದಲೂ ಬಿಸಿ, ಮೇಲಿಂದಲೂ ಬಿಸಿ. ಎಳೆಯುವುದು ಹಿಂದಿನ ಚಕ್ರ. ಗಾಡಿ ಖಾಲಿಯಿದ್ದಾಗ ಹಿಂಭಾಗ ಹಗುರ, ಒದ್ದೆ ಮಣ್ಣಿನ ಏರಿನಲ್ಲಿ ಚಕ್ರ ಸುಮ್ನೆ ತಿರುಗುತ್ತದೆ. ಆಗ ಹಿಂದೆ ಇಬ್ಬರು ಕೂತರೆ ಹತ್ತುತ್ತದೆ. ಮರಳಿಗಂತೂ ಇಳಿಸಲೇಬೇಡಿ. ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ, ಡ್ರೈವರ್ ಮುಂದೆ ಬಾನೆಟ್ಟೂ ಇಲ್ಲ. ನಾನು 60 ದಾಟಿಸುವುದಿಲ್ಲ. ದೂರದ ಹೆದ್ದಾರಿ ಪ್ರಯಾಣವೇ ಜಾಸ್ತಿ ಇರುವವರಿಗೆ ಈ ಗಾಡಿ ಬೇಡ ಅಂತಲೇ ಹೇಳುತ್ತೇನೆ.

ರಾತ್ರಿ ಎಲ್ಲಿ ನಿಲ್ಲಿಸುವುದು? ಧರ್ಮಸ್ಥಳದಂಥ ದೊಡ್ಡ ಕ್ಷೇತ್ರಗಳ ಪಾರ್ಕಿಂಗ್, ಶೌಚಾಲಯ ಇರುವ ಪೆಟ್ರೋಲ್ ಬಂಕ್ (ಕೇಳಿಯೇ ನಿಲ್ಲಿಸಿ), ಇಲ್ಲವೇ ದುಡ್ಡು ಕೊಟ್ಟು ಹೋಂಸ್ಟೇ ಅಂಗಳ. ಕಾಡಿನ ರಸ್ತೆಯಲ್ಲಿ ತಂಗುವ ಆಸೆ ಬಿಡಿ. ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರವೇ ಬಂದ್. ಮರವಂತೆಯಲ್ಲಿ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ. ನೋಡಲು ಚೆಂದ, ಆದರೆ ಹೆದ್ದಾರಿ ಪಕ್ಕ ಲಾರಿ ಹಾರ್ನಿಗೆ ನಿದ್ದೆ ಬರುವುದಿಲ್ಲ. ಊರೊಳಗೆ ಜಾಗ ಹುಡುಕಿ.

ಕೊಳ್ಳುವುದಾದರೆ ಕಾರ್ಪೆಟ್ ಎತ್ತಿ ನೆಲದ ತುಕ್ಕು ನೋಡಿ, ಜಾರುಬಾಗಿಲ ರೈಲು ನೋಡಿ. ಎಂಜಿನ್ ರಿಪೇರಿ ಯಾವ ಊರಿನ ಮೆಕ್ಯಾನಿಕ್ಕಿಗೂ ಗೊತ್ತು, ತಗಡು ಹೋದರೆ ಕಷ್ಟ. 15 ವರ್ಷ ತುಂಬಿದ ಮೇಲೆ ಆರ್‌ಸಿ ನವೀಕರಿಸಬೇಕು. ನವೀಕರಣ 5 ವರ್ಷಕ್ಕೆ ಮಾತ್ರ. ಆ ಖರ್ಚನ್ನೂ ಲೆಕ್ಕಕ್ಕೆ ಹಿಡಿದು ರೇಟು ಮಾತಾಡಿ.